ಬೆನ್ನ ಹಿಂದಿನ ಮೇಡಂ

ನನ್ನ ಮೇಜಿನ ಖಾನೆಯಲ್ಲಿ ಬೆಲ್ಟಿಗೆ ತೂತು ಹೊಡೆಯುವ ಇಕ್ಕಳವೊಂದಿದೆ. ನಾನು ಬೆಲ್ಟು ಕಟ್ಟುವವನಲ್ಲ. ನನ್ನ ಪ್ಯಾಂಟನ್ನು ಹಿಡಿದು ನಿಲ್ಲಿಸುವ ಹೊಣೆಯನ್ನು ಹೊಟ್ಟೆ ಎಂದೋ ವಹಿಸಿಕೊಂಡಿದೆ. ಆದರೂ ನಿವೃತ್ತನಾಗಿ ಮನೆ ಬದಲಿಸುವಾಗ ನಾನು ಮೊದಲು ಎತ್ತಿಟ್ಟುಕೊಂಡದ್ದು ಪುಸ್ತಕಗಳನ್ನಲ್ಲ, ಆ ಇಕ್ಕಳವನ್ನು. ನನ್ನ ಇಡೀ ಸೇವಾವಧಿಯಲ್ಲಿ ಸರಿಯಾದ ಕ್ರಮದಲ್ಲಿ ನನಗೆ ಹಸ್ತಾಂತರವಾದ ಅಧಿಕಾರ ಅದೊಂದೇ.

ಹಸ್ತಾಂತರಿಸಿದವರು ಹೋದ ವಾರ ತೀರಿಕೊಂಡರು. ಫೋನು ಮಾಡಿ ಹೇಳಿದವನು ಹದಿನೇಳನೇ ಸೀಟಿನ ಹುಡುಗ. ಅವನಿಗೊಂದು ಹೆಸರಿದೆ, ಮೀಸೆಯೂ ಬಂದಿದೆ, ಸೇಡಂ ಕಡೆ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಲಾರಿಗಳ ತೂಕ ಬರೆಯುವ ಕೆಲಸವೂ ಇದೆ. ನನಗೆ ಮಾತ್ರ ಅವನು ಹದಿನೇಳನೇ ಸೀಟು.

"ಸರ್, ಟೀಸಿ ಕಾಕಾ ಹೋದ್ರಿ."

"ಯಾವಾಗೋ?"

"ಇವತ್ತ ಮುಂಜಾನಿ. ನಿನ್ನಿ ಏಕಾದಶಿ ಇತ್ರಿ. ಮುಂಜಾನಿ ಸ್ನಾನಾ ಪೂಜಾ ಮುಗಿಸಿ, ಪಾರಣಿ ಮಾಡಿ, ಕುರ್ಚಿ ಮ್ಯಾಲ ಕುಂತಾರ. ಕಾಕು ನೀರು ತಗೊಂಡು ಬರೂದ್ರಾಗ ಮುಗದದ." ಆಮೇಲೆ ಹೇಳಿದ: "ಟೈಮಿಗಿ ಸರಿಯಾಗಿ ಹೋದ್ರಿ ಸರ್. ಒಂದು ಮಿನಿಟ್ ಲೇಟ್ ಇಲ್ಲ."

ಇದನ್ನು ಅವರು ಕೇಳಿದ್ದರೆ ಸಂತೋಷಪಡುತ್ತಿದ್ದರು. ಮೂವತ್ತೈದು ವರ್ಷ ರೈಲ್ವೆಯಲ್ಲಿದ್ದವರಿಗೆ ಆ ಮಾತು ಹೇಳಿಸಿಕೊಳ್ಳುವ ಭಾಗ್ಯ ಸುಲಭವಾಗಿ ದೊರೆಯುವುದಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಶಹಾಬಾದಿನಲ್ಲಿ ಮನೆ ಮಾಡಿಕೊಂಡು, ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ವಾಡಿಗೆ ಬಂದು, ಅಲ್ಲಿಂದ ಕಾಲೇಜಿಗೆ ನಡೆಯುತ್ತಿದ್ದೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಜಂಕ್ಷನ್ನಿನ ಗಾಡಿಗಳ ಕೂಗು ಕೇಳುವಷ್ಟು ಹತ್ತಿರವಿತ್ತು ಎಂದರೆ ಸಾಕು. ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದೆ. ಅವರು ಆ ಗಾಡಿಯಲ್ಲಿ ಟಿಕೇಟು ತಪಾಸಣೆ ಮಾಡುತ್ತಿದ್ದರು. ಹಣೆಯ ಮೇಲೆ ಅಂಗಾರ ಅಕ್ಷತೆ, ಮೈಮೇಲೆ ಕರಿಕೋಟು, ಹೆಗಲಿಗೆ ಮನೆಯಿಂದ ತಂದ ನೀರಿನ ಬಾಟಲಿ. ನಮ್ಮ ಕಡೆಯ ಬಿಸಿಲಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಸೀಳುತ್ತದೆ. ಆ ಕೋಟಿನ ಗುಂಡಿ ಮಾತ್ರ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ಆರು ವರ್ಷ ನಾವು ಒಂದೇ ಡಬ್ಬಿಯಲ್ಲಿ ಕುಳಿತು ಅವರ ಡಬ್ಬಿಯ ರೊಟ್ಟಿ, ನನ್ನ ಡಬ್ಬಿಯ ಶೇಂಗಾ ಹಿಂಡಿ ಹಂಚಿಕೊಂಡಿದ್ದೆವು. ಏಳನೇ ವರ್ಷ ಒಂದು ಮುಂಜಾನೆ ಅವರು ಕೈ ಚಾಚಿ, "ಪಾಸ್ ತೋರಸ್ರಿ ಸರ್" ಎಂದರು.

ಪಾಸಿನ ಅವಧಿ ಹಿಂದಿನ ದಿನ ಮುಗಿದಿತ್ತು.

"ಸಾಹೇಬ್ರ, ನಾ ಅಲ್ಲೇನ್ರಿ?" ಎಂದೆ.

"ನೀವೇ ಅದೀರಿ. ಪಾಸ್ ನಿನ್ನೀದು ಅದ." ದಂಡದ ರಸೀದಿ ಹರಿದು ಕೊಟ್ಟರು. ಕೊಟ್ಟ ಮೇಲೆ ಪಕ್ಕದಲ್ಲೇ ಕುಳಿತು ಡಬ್ಬಿ ಬಿಚ್ಚಿದರು. "ಈಗ ತಗೋರಿ, ರೊಟ್ಟಿ ತಿನ್ರಿ."

ಆರು ವರ್ಷ ಕೇಳದೆ ಇದ್ದವರು ಅವತ್ತೇ ಯಾಕೆ ಕೇಳಿದಿರಿ ಎಂದು ನಾನು ಸಿಟ್ಟಿನಲ್ಲೇ ವಿಚಾರಿಸಿದೆ. ರೊಟ್ಟಿ ಮುರಿಯುತ್ತ ಹೇಳಿದರು: "ಟಿಕೇಟ ಇದ್ದಾಂವ ನನ್ನ ಮಕಾ ನೋಡ್ತಾನ್ರಿ. ಇಲ್ಲದಾಂವ ಖಿಡಕಿ ನೋಡ್ತಾನ. ಇವತ್ತ ನೀವು ಹತ್ತಿದಾಗಿಂದ ಹೊರಗಿನ ಕಲ್ಲು ಖಣಿ ನೋಡ್ಲಿಕತ್ತೀರಿ. ಅದರಾಗ ನೋಡೂದು ಏನದ?"

ನಾನು ಓದಿದ ಯಾವ ಮನಶ್ಶಾಸ್ತ್ರದ ಪುಸ್ತಕವೂ ಇಷ್ಟು ಕಡಿಮೆ ಪುಟಗಳಲ್ಲಿ ನನ್ನನ್ನು ಬಯಲು ಮಾಡಿರಲಿಲ್ಲ.

ಅವರು ನಿವೃತ್ತರಾದರು. ನಾನು ಮುಂದುವರಿದೆ. ಹೊಸ ಶತಮಾನ ಬಂತು. ನಮ್ಮ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕರ ಹುದ್ದೆ ಎರಡು ವರ್ಷದಿಂದ ಖಾಲಿ ಇತ್ತು. ಸೇಡಂ, ಚಿತ್ತಾಪುರ, ಚಿಂಚೋಳಿಯ ಕಡೆಗೂ ಇದೇ ಕತೆ. ಮನುಷ್ಯನನ್ನು ಕಳಿಸಲಾಗದ ಸರ್ಕಾರ ಆಕಾಶದಿಂದ ಪಾಠ ಕಳಿಸಿತು. ಮಾಳಿಗೆಯ ಮೇಲೆ ದೊಡ್ಡದೊಂದು ಬುಟ್ಟಿಯಂಥ ಡಿಶ್ ಬಂತು, ಕಾಲೇಜಿನ ಹಾಲ್‌ಗೆ ದೊಡ್ಡ ಟೀವಿ ಬಂತು. ಬೆಂಗಳೂರಿನ ಸ್ಟುಡಿಯೋದಲ್ಲಿ ಒಬ್ಬ ಮೇಡಂ ಕುಳಿತು ಗಣಿತ ಹೇಳುತ್ತಾರೆ, ಉಪಗ್ರಹ ಅದನ್ನು ಎಲ್ಲ ಕೇಂದ್ರಗಳಿಗೂ ಇಳಿಸುತ್ತದೆ. ನಮಗೆ ಅವರು ಕಾಣುತ್ತಾರೆ, ಅವರಿಗೆ ನಾವು ಕಾಣುವುದಿಲ್ಲ. ಸಂದೇಹವಿದ್ದರೆ ಸ್ಟುಡಿಯೋಕ್ಕೆ ಫೋನು ಹಚ್ಚಬೇಕು. ಕೇಂದ್ರದ ಸಂಖ್ಯೆ ಮತ್ತು ಆ ವಾರದ ಗುಪ್ತಪದ ಹೇಳಬೇಕು. ಅಲ್ಲಿನವರು ಸರತಿಯಲ್ಲಿ ಹಾಕಿ, ಪಾಳಿ ಬಂದಾಗ ಲೈನು ಜೋಡಿಸಿದರೆ ನಮ್ಮ ಪ್ರಶ್ನೆ ಮೇಡಂಗೂ ಉಳಿದ ಎಲ್ಲ ಕೇಂದ್ರಗಳಿಗೂ ಕೇಳಿಸುತ್ತದೆ. ಗುಪ್ತಪದಗಳು ಹೂವಿನ ಹೆಸರುಗಳು. ಪ್ರತಿ ಸೋಮವಾರ ಫ್ಯಾಕ್ಸಿನಲ್ಲಿ ಬರುತ್ತಿದ್ದವು. ನಮ್ಮ ಸುತ್ತಿನ ನಾಲ್ಕು ಕೇಂದ್ರಗಳಿಗೆ ಸಂಯೋಜಕ ನಾನು. ಕನ್ನಡದವನಿಗೆ ಯಾಕೆ ಎಂದು ಕೇಳಿದ್ದಕ್ಕೆ ಪ್ರಿನ್ಸಿಪಾಲರು, "ಹೂವಿನ ಹೆಸರು ನಿಮ್ಗ ಚಲೋ ಗೊತ್ತಿರ್ತಾವಲ್ರಿ" ಎಂದರು.

ಮೊದಲ ವಾರ ನಡೆದದ್ದನ್ನು ಶೈಕ್ಷಣಿಕ ಇತಿಹಾಸ ದಾಖಲಿಸಲಿಕ್ಕಿಲ್ಲ, ನಾನು ದಾಖಲಿಸುತ್ತೇನೆ. ಕಾಲೇಜಿಗೆ ದೊಡ್ಡ ಟೀವಿ ಬಂದಿದೆ ಎಂಬ ಸುದ್ದಿ ಓಣಿಗೆ ಹಬ್ಬಿ, ಪಾಠಕ್ಕೆ ಮೊದಲೇ ಮುಂದಿನ ಸಾಲು ತುಂಬಿತು. ಅದರಲ್ಲಿ ವಿದ್ಯಾರ್ಥಿಗಳಿರಲಿಲ್ಲ. ಒಬ್ಬ ಅಜ್ಜಿ ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು ಅರ್ಧ ತಾಸು ಸಮೀಕರಣ ನೋಡಿ, "ಹಾಡು ಯಾವಾಗ ಬರ್ತಾವೋ ಯಪ್ಪಾ?" ಎಂದು ನನ್ನನ್ನೇ ಕೇಳಿದಳು. ಎರಡನೇ ದಿನ ಯಾರೋ ಕ್ರಿಕೆಟ್ ಹಚ್ಚಲು ಹೋಗಿ ಟೀವಿಯ ಎಲ್ಲ ಗುಂಡಿ ಒತ್ತಿದರು. ನಮ್ಮ ಹುಡುಗರೋ, ತಮ್ಮನ್ನು ನೋಡಲಾರದ ಗುರುವನ್ನು ಜೀವನದಲ್ಲಿ ಮೊದಲ ಸಲ ಪಡೆದಿದ್ದರು. ಮೇಡಂ ಎದುರಿಗೇ ಚುರುಮುರಿ ತಿಂದರು, ಮಲಗಿದರು. ಒಬ್ಬ ಟೀವಿಯ ಗಾಜಿನಲ್ಲಿ ಮುಖ ನೋಡಿಕೊಂಡು, ಮೇಡಂ ಹಣೆಯ ಮೇಲೆಯೇ ತನ್ನ ಕ್ರಾಪು ಬಾಚಿದ.

ನನಗೆ ಕರಿಕೋಟು ನೆನಪಾಯಿತು.

ವಾಡಿಯಲ್ಲಿ ಅವರ ಮನೆಗೆ ಹೋದೆ. ಅವರು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪಾಠದ ಹೊತ್ತಿಗೆ ಹುಡುಗರನ್ನು ನೋಡಿಕೊಳ್ಳಲು ಬರ್ರಿ ಎಂಬ ನನ್ನ ಮಾತು ಮುಗಿಯುವ ಮೊದಲೇ ಒಳಗಿನಿಂದ ಅವರ ಮನೆಯವರು ಹೇಳಿದರು: "ಒಯ್ಯರಿ ಸರ್, ಪುಣ್ಯಾ ಬರ್ತದ. ಹಾಲಿನಾಂವ ಬಂದ್ರ ಎಲ್ಲಿಂದ ಬಂದಿ ಅಂತಾರ, ಮಗ್ಗಲ ಮನಿ ವೈನಿ ಬಂದ್ರ ಎಲ್ಲಿಗಿ ಹೊಂಟೀರಿ ಅಂತಾರ. ಮನಿ ಏನು ರೈಲ್ ಡಬ್ಬಿ ಏನ್ರಿ?"

ಅವರು ಅದನ್ನು ಕೇಳಿಸಿಕೊಳ್ಳದವರಂತೆ ನನ್ನನ್ನು ಕೇಳಿದರು: "ಆರ್ಡರ್ ಅದ ಏನ್ರಿ?"

"ಬರ್ತದ ಸಾಹೇಬ್ರ" ಎಂದೆ. ಯಾವ ಆರ್ಡರೂ ಬರುವುದಿರಲಿಲ್ಲ. ಸಂಬಳವೂ ಇರಲಿಲ್ಲ. ಪ್ರಿನ್ಸಿಪಾಲರು "ಇರ್ಲಿ ಬಿಡ್ರಿ, ಸೇವಾ ಅಂತ ಮಾಡ್ಲಿ" ಎಂದಿದ್ದರು, ಅಷ್ಟೇ. ಪ್ರತಿ ತಿಂಗಳ ಒಂದನೇ ತಾರೀಖು ಅವರು ಕೇಳುತ್ತಿದ್ದರು, "ಆರ್ಡರ್ ಬಂತೇನ್ರಿ ಸರ್?" ನಾನು "ಬರ್ತದ" ಎನ್ನುತ್ತಿದ್ದೆ. ಹಾಗೆ ಹೇಳುವಾಗ ಎಲ್ಲಿ ನೋಡುತ್ತಿದ್ದೆನೋ, ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ.

ಮೂರೇ ದಿನದಲ್ಲಿ ಪಾಠದ ಹಾಲ್ ರೈಲಾಯಿತು. ಬಾಗಿಲಿಗೆ ರಿಸರ್ವೇಶನ್ ಚಾರ್ಟು ಬಂತು: ನಲವತ್ತೆರಡು ಸೀಟು, ನಲವತ್ತೆರಡು ಹೆಸರು, ಎದುರಿಗೆ ವಯಸ್ಸು. ವಯಸ್ಸು ಯಾಕೆ ಎಂದರೆ, "ಚಾರ್ಟಿನಾಗ ಇರ್ತದ್ರಿ" ಎಂದರು. ಪ್ರತಿಯೊಬ್ಬರಿಗೂ ರಟ್ಟಿನ ಕಾರ್ಡು. ಬಾಗಿಲಲ್ಲಿ ನಿಂತು ಕಾರ್ಡಿಗೆ ತೂತು ಹಾಕಿ ಒಳಗೆ ಬಿಡುವರು. ರೈಲ್ವೆಯ ಪಂಚನ್ನು ನಿವೃತ್ತಿಯ ದಿನ ರಸೀದಿ ಪಡೆದು ಮರಳಿಸಿ ಬಂದಿದ್ದರಾದ್ದರಿಂದ, ಬಜಾರಿನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಈ ಬೆಲ್ಟಿನ ಇಕ್ಕಳ ಕೊಂಡಿದ್ದರು. ಹಾಡು ಕೇಳಲು ಬಂದ ಅಜ್ಜಿಯನ್ನು ಕೈ ಹಿಡಿದು ಮೆಟ್ಟಿಲು ಇಳಿಸಿ, "ಅವ್ವಾ, ಈ ಗಾಡಿ ನಿಮ್ಮೂರಿಗಿ ಹೋಗಂಗಿಲ್ಲ" ಎಂದು ಬೀಳ್ಕೊಟ್ಟರು. ಗಣಿತ ಕೇಳುವ ಆಸೆಯಿದ್ದ ಕಲಾ ವಿಭಾಗದ ಇಬ್ಬರು ಹುಡುಗಿಯರಿಗೆ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಜಾಗ ಕೊಟ್ಟರು.

ಪಾಠ ಶುರುವಾದ ಮೇಲೆ ಟೀವಿಯ ಪಕ್ಕದಲ್ಲಿ, ಟೀವಿಗೆ ಬೆನ್ನು ಮಾಡಿ, ಹುಡುಗರ ಕಡೆ ಮುಖ ಮಾಡಿ ನಿಲ್ಲುವರು. ಒಂದೂವರೆ ತಾಸು ಹಾಗೇ. ಮೇಡಂ "ನಮಸ್ಕಾರ" ಎಂದಾಗ ಎಲ್ಲರೂ ಎದ್ದು ನಿಂತು ನಮಸ್ಕಾರ ಹೇಳಬೇಕು.

"ಅವ್ರಿಗಿ ನಾವು ಕಾಣಂಗಿಲ್ಲಲ್ರಿ ಕಾಕಾ" ಎಂದನೊಬ್ಬ.

"ಕಾಣಂಗಿಲ್ಲ. ಅದಕ್ಕೇ ಏಳು."

ಮಲಗಿದವನ ಬೆಂಚನ್ನು ಇಕ್ಕಳದಿಂದ ಎರಡು ಸಲ ಕುಟ್ಟಿ, "ಏಳಪಾ, ನಿನ್ನ ಸ್ಟೇಷನ್ ಹೋತು" ಎನ್ನುವರು. ಕರೆಂಟು ಹೋದರೆ ಯಾರೂ ಏಳುವಂತಿಲ್ಲ. "ಸಿಗ್ನಲ್ ಸಿಕ್ಕಿಲ್ಲ. ನಡುದಾರಿಯೊಳಗ ಯಾರೂ ಇಳಿಬ್ಯಾಡ್ರಿ." ಹುಡುಗರು ಕತ್ತಲೆ ಟೀವಿಯ ಎದುರು ಮುಕ್ಕಾಲು ತಾಸು ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏಕಾದಶಿ ಯಾವತ್ತೆಂಬುದು ನಲವತ್ತೆರಡು ಜನರಿಗೂ, ಅವರಲ್ಲಿ ಏಳು ಮಂದಿ ಮುಸಲ್ಮಾನರ ಹುಡುಗರಿಗೂ, ಬಾಯಿಪಾಠವಿತ್ತು. ಉಪವಾಸದ ದಿನ ಕಾಕಾರ ಕಣ್ಣು ಇನ್ನೂ ಚೂಪಾಗುತ್ತಿತ್ತು.

ಹೀಗೆ ಮೂರು ವರ್ಷ ಬೆನ್ನು ಮಾಡಿ ನಿಂತದ್ದರಿಂದ ಅವರು ಮೇಡಂ ಮುಖವನ್ನೇ ನೋಡಿರಲಿಲ್ಲ. ಧ್ವನಿ ಮಾತ್ರ ಪರಿಚಯ. ಒಮ್ಮೆ, "ಒಂದು ಸಲ ತಿರಗಿ ನೋಡ್ರಿ ಸಾಹೇಬ್ರ" ಎಂದೆ. "ಡ್ಯೂಟಿ ಮುಗೀಲಿ" ಎಂದರು. ಡ್ಯೂಟಿ ಮುಗಿಯುವಾಗ ಮೇಡಂ ಇರುತ್ತಿರಲಿಲ್ಲ.

ಇನ್ನು ಮೂರನೇ ವರ್ಷದ ಚಾರ್ಟಿನ ಹದಿನೇಳನೇ ಸೀಟು. ಕುರಕುಂಟಾದಿಂದ ಮುಂಜಾನೆಯ ಪ್ಯಾಸೆಂಜರಿಗೆ ಬರುತ್ತಿದ್ದ. ದಿನಾ ಸ್ಟೇಷನ್ನಿನಲ್ಲಿ ನಿಂತು ನಿಂತು ಅಲ್ಲಿನ ಧ್ವನಿವರ್ಧಕದ ಹೆಣ್ಣುಧ್ವನಿಯನ್ನು ತನ್ನ ಗಂಟಲಿಗೆ ಇಳಿಸಿಕೊಂಡಿದ್ದ. ಹಾಲಿನ ಬಾಗಿಲಲ್ಲಿ ಸಾಲು ನಿಂತಾಗ ಮೂಗು ಹಿಡಿದು ಘೋಷಿಸುವನು: "ಯಾತ್ರಿಗಳು ಗಮನಿಸಬೇಕು. ಗಣಿತ ಎಕ್ಸ್‌ಪ್ರೆಸ್ ಒಂದನೇ ಪ್ಲಾಟ್‌ಫಾರ್ಮಿಗೆ ಬರ್ತದ."

ಕಟ್ಟುನಿಟ್ಟಿನ ಕಾಕಾ ಇದನ್ನು ಗದರಿ ನಿಲ್ಲಿಸಬೇಕಿತ್ತು. ಅವರು ತೂತು ಹಾಕುವುದನ್ನು ನಿಲ್ಲಿಸಿ, ತಲೆ ಓರೆ ಮಾಡಿ ಕೇಳಿ, ತಿದ್ದಿದರು. "ಬರ್ತದ ಅಲ್ಲೋ. 'ಆಗಮಿಸಲಿದೆ.' ಮತ್ತ ಗಡಬಡ ಮಾಡಬ್ಯಾಡ. ಸಾವಕಾಶ." ಮರುದಿನ ಅವನು ಸಾವಕಾಶವಾಗಿ ಆಗಮಿಸಿದ. ಇನ್ನೊಂದು ದಿನ ಗಾಡಿ ತಡವಾದರೆ ಹೇಗೆ ಹೇಳಬೇಕೆಂಬುದನ್ನೂ ಕಲಿಸಿದರು. "ಅನಿಶ್ಚಿತ ಕಾಲ, ಅನ್ನು. ಅಸೌಕರ್ಯಕ್ಕಾಗಿ ವಿಷಾದಿಸುತ್ತೇವೆ ಅನ್ನೂದು ಮರೀಬ್ಯಾಡ." ಅವರ ಮುಖದಲ್ಲಿ ಆಗ ಇದ್ದದ್ದು ನಗು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ, ಅದಕ್ಕೆ ಸಮೀಪದ್ದು.

ಪರೀಕ್ಷೆಗೆ ಆರು ವಾರ ಇತ್ತು. ಅವತ್ತು ಮೇಡಂ ಒಂದೇ ಲೆಕ್ಕವನ್ನು ಮೂರನೇ ದಿನ ಮತ್ತೆ ಬಿಡಿಸುತ್ತಿದ್ದರು. ಕೇಂದ್ರಗಳಿಂದ ಅದೇ ಪ್ರಶ್ನೆ ಬರುತ್ತಿತ್ತು, ಪಾಪ. ನಾನು ಹಾಲಿನ ಹಿಂಭಾಗದಲ್ಲಿದ್ದೆ. "ಚಿಂಚೋಳಿ ಕೇಂದ್ರದಿಂದ ಒಂದು ಕರೆ ಇದೆ, ಕೇಳಿ" ಎಂದರು ಮೇಡಂ.

ಟೀವಿಯೊಳಗಿಂದ ಮೂಗಿನ ಹೆಣ್ಣುಧ್ವನಿ ಹೊರಟಿತು: "ಯಾತ್ರಿಗಳು ಗಮನಿಸಬೇಕು. ಗಣಿತ ಎಕ್ಸ್‌ಪ್ರೆಸ್ ಅನಿಶ್ಚಿತ ಕಾಲ ತಡವಾಗಿ ಚಲಿಸುತ್ತಿದೆ. ಅಸೌಕರ್ಯಕ್ಕಾಗಿ ವಿಷಾದಿಸುತ್ತೇವೆ." ಹಿಂದೆಯೇ ಒಂದು ಎಂಜಿನ್ನಿನ ಕೂಗು. ಲೈನು ಕಟ್ಟಾಯಿತು.

ಇಡೀ ಹಾಲ್ ನಕ್ಕಿತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರಿ" ಎಂದರು. ಪುಸ್ತಕ ಮುಚ್ಚಿ ಎದ್ದು ಹೋದರು. ಟೀವಿಯಲ್ಲಿ ಒಂದು ಖಾಲಿ ಕುರ್ಚಿ, ಒಂದು ನೀರಿನ ಗ್ಲಾಸು ಉಳಿದವು. ಪಾಠದ ಹೊತ್ತು ಮುಗಿಯುವವರೆಗೂ ಅವೆರಡೇ ಇದ್ದವು. ಕಾಕಾರಿಗೆ ಅದೇನೂ ಕಾಣಲಿಲ್ಲ. ನಲವತ್ತು ಮುಖಗಳ ಮೇಲೆ ನಗು ಬಂದದ್ದು, ಹೋದದ್ದು ಮಾತ್ರ ಕಂಡಿತು.

ಮಧ್ಯಾಹ್ನವೇ ಫ್ಯಾಕ್ಸ್ ಬಂತು: ಅಶಿಸ್ತಿನ ಕಾರಣ ಚಿಂಚೋಳಿ ಕೇಂದ್ರದ ಪ್ರಸಾರವನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ. ಅಲ್ಲಿ ನಲವತ್ತರ ಹತ್ತಿರ ಹುಡುಗರಿದ್ದರು, ಚಿಮ್ಮನಚೋಡದಂಥ ಹಳ್ಳಿಗಳಿಂದ ಬಸ್ಸಿಗೆ ಬರುವವರು. ಅವರಿಗೂ ಬೇರೆ ಗಣಿತದ ಮಾಸ್ತರರಿರಲಿಲ್ಲ. ನಾನು ಓದಿ, "ಛೇ, ಚಿಂಚೋಳಿಯವರು ಹೀಗ ಮಾಡಬಾರದಿತ್ತು" ಎಂದೆ.

ಕಾಕಾ ಫ್ಯಾಕ್ಸನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. "ಸರ್, ಚಿಂಚೋಳಿಗಿ ರೈಲು ಯಾವಾಗ ಬಂತ್ರಿ?"

"ಅಂದ್ರ?" ಎಂದೆ.

"ಫೋನಿನಾಗ ಎಂಜಿನ್ ಕೂಗಿತು. ಕೇಳೀರಿಲ್ಲೋ? ಅದೇ ಎಂಜಿನ್ ಮೊದಲ ನಮ್ಮ ಖಿಡಕಿಯಿಂದ ಕೂಗ್ತು, ಆಮ್ಯಾಲ ಟೀವಿಯೊಳಗಿಂದ ಕೂಗ್ತು. ಒಂದೇ ಗಾಡಿ ಎರಡು ಸಲ. ಹನ್ನೊಂದು ಇಪ್ಪತ್ತರದ್ದು. ಚಿಂಚೋಳಿ ಸುತ್ತಮುತ್ತ ಹಳಿ ಇಲ್ಲ ಸರ್. ಇದು ನಮ್ಮ ಸ್ಟೇಷನ್ ಹೊರಗಿನ ಎಸ್‌ಟಿಡಿ ಬೂತು."

ಟೀವಿಗೆ ಬೆನ್ನು ಮಾಡಿ ನಿಂತವರೊಬ್ಬರೇ ಅದನ್ನು ಕೇಳಿಸಿಕೊಂಡಿದ್ದರು. ಚಾರ್ಟು ತೆಗೆದರು. ಅವತ್ತು ಇಬ್ಬರು ಬಂದಿರಲಿಲ್ಲ. ಒಬ್ಬಳಿಗೆ ಜ್ವರ. ಇನ್ನೊಂದು ಸೀಟು ಹದಿನೇಳು.

ಮರುದಿನ ಬಾಗಿಲಲ್ಲಿ ಅವನ ಸರತಿ ಬಂದಾಗ ಕಾಕಾ ಕಾರ್ಡು ತೆಗೆದುಕೊಂಡರು, ತೂತು ಹಾಕಲಿಲ್ಲ. ಹಿಂದೆ ಇದ್ದವರನ್ನೆಲ್ಲ ಒಳಗೆ ಬಿಟ್ಟು, ಅವನನ್ನು ಜಗಲಿಗೆ ಕರೆದರು. ಬೈಯಲಿಲ್ಲ. ನಾನು ಬೈಯಲು ಸಿದ್ಧನಾಗಿ ಹೋಗಿದ್ದೆ. ನನ್ನನ್ನು ಕಣ್ಣಿನಲ್ಲೇ ತಡೆದರು.

"ಚಲೋ ಹೇಳ್ದಿ. 'ವಿಷಾದಿಸುತ್ತೇವೆ' ಬರಾಬರ್ ಬಂತು" ಎಂದರು.

ಹುಡುಗ ಅತ್ತೇಬಿಟ್ಟ. "ನಾ ಬೇಕಂತ ಮಾಡಿಲ್ರಿ ಕಾಕಾ. ನಂದೊಂದು ಖರೇನೇ ಡೌಟ್ ಇತ್ರಿ. ಹದಿನೈದು ದಿನಾತು, ನೀವೇ ಫೋನ್ ಹಚ್ಚೀರಿ, ದಿನಾ 'ಸರತಿಯಲ್ಲಿದ್ದೀರಿ' ಅಂತಾರ. ಗುಡ್ಡಗಾಡಿನ ಊರಿಗಿ ಮೊದಲ ಲೈನ್ ಕೊಡ್ತಾರಂತ ಕೇಳಿದ್ದೆ. ಅದಕ್ಕ ಚಿಂಚೋಳಿ ಅಂದೆ. ಸಿಕ್ಕೇ ಬಿಡ್ತು. ಮೇಡಂ 'ಹೇಳಪ್ಪ' ಅಂದ್ರು. ಡೌಟ್ ಮರತೇ ಹೋತ್ರಿ. ಬಾಯಿ ತೆಗದ್ರ ಬರೀ ಅದೇ ಬಂತು."

"ಬ್ಯಾರೆದವ್ರ ಕೋಟಾದಾಗ ಹತ್ತಿದಿ" ಎಂದರು ಕಾಕಾ ಮೆಲ್ಲಗೆ. "ಅವ್ರ ಹೂವು ನಿನಗ ಹೆಂಗ ಗೊತ್ತಾತು?"

"ಟೀವಿ ಹಿಂದ ಚೀಟಿ ಹಚ್ಚ್ಯಾರಲ್ರಿ. ನಾಕೂ ಊರಿಂದು ಅದಾವ."

ಕಾಕಾ ಒಳಗೆ ಹೋಗಿ, ಮೂರು ವರ್ಷದಲ್ಲಿ ಮೊದಲ ಸಲ ಟೀವಿಯ ಹಿಂದೆ ಬಗ್ಗಿ ನೋಡಿದರು. ಮರೆತುಹೋದೀತೆಂದು ನಾನೇ, ನನ್ನ ಮುತ್ತಿನಂಥ ಅಕ್ಷರಗಳಲ್ಲಿ, ನಾಲ್ಕೂ ಕೇಂದ್ರಗಳ ಗುಪ್ತಪದಗಳನ್ನು ಬರೆದು ಅಂಟಿಸಿದ ಚೀಟಿ ಅಲ್ಲಿತ್ತು. ಚಿಂಚೋಳಿ: ಸಂಪಿಗೆ. ಕೆಳಗೆ ಗೆರೆ ಕೂಡ ಎಳೆದಿದ್ದೆ. ಅವರು ಬಂದು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

ಆಮೇಲೆ ನಾನು ಒಂದು ಪರಿಹಾರ ಸೂಚಿಸಿದೆ. ಸತ್ಯ ಹೇಳಿದರೆ ನಮ್ಮ ಲೈನೂ ಕಟ್ಟಾದೀತು, ನನಗೆ ನೋಟೀಸು ಬಂದೀತು. ಆದ್ದರಿಂದ, ಚಿಂಚೋಳಿಯ ಬಗ್ಗೆ ಮರುಪರಿಶೀಲಿಸಲು ಕೋರಿ, ಯಾರ ಹೆಸರನ್ನೂ ಎತ್ತದೆ, ಪ್ರಿನ್ಸಿಪಾಲರ ಮುಖಾಂತರ, ಗುಲಬರ್ಗಾದ ಕಚೇರಿಯ ಮೂಲಕ, ಕ್ರಮಬದ್ಧವಾಗಿ ಒಂದು ಪತ್ರ ಬರೆಯೋಣ.

"ಅದು ಎಷ್ಟು ದಿನಕ್ಕ ಮುಟ್ತದ್ರಿ?"

"ತಿಂಗಳು, ಒಂದೂವರೆ ತಿಂಗಳು…"

"ಪರೀಕ್ಷಾ ಮುಗೀತದ." ಕೋಟಿನ ಮೇಲಿನ ಗುಂಡಿ ಸರಿಮಾಡಿಕೊಂಡರು. "ಚಿಂಚೋಳಿ ಹುಡುಗ್ರು ಪ್ಲಾಟ್‌ಫಾರ್ಮ್ ಮ್ಯಾಲ ನಿಂತಾರ ಸರ್. ಅವ್ರ ಕೈಯಾಗ ಟಿಕೇಟ ಅದ. ಗಾಡಿ ನಿಲ್ಲಿಸಿದವ್ರು ನಾವು."

ಅವತ್ತೇ ಪಾಠದ ಹೊತ್ತಿಗೆ ಹಾಲಿನ ಫೋನು ಎತ್ತಿದರು. ನಮ್ಮ ಸಂಖ್ಯೆ, ನಮ್ಮ ಹೂವು. ಸರತಿಯಲ್ಲಿದ್ದೀರಿ. ಒಂದೂವರೆ ತಾಸು ಫೋನನ್ನು ಕಿವಿಗೆ ಹಿಡಿದು, ಟೀವಿಗೆ ಬೆನ್ನು ಮಾಡಿ ನಿಂತರು. ಲೈನು ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಆ ಎರಡು ದಿನ ನಾನು ಒಳಗೊಳಗೇ ಸಂತೋಷಪಟ್ಟೆ ಎಂಬುದನ್ನು ಮುಚ್ಚಿಡುವುದರಲ್ಲಿ ಈಗ ಅರ್ಥವಿಲ್ಲ. ಮೂರನೇ ದಿನ ಏಕಾದಶಿ. ಲೈನು ಸಿಕ್ಕಿತು.

"ಹೇಳಿ, ಏನು ನಿಮ್ಮ ಪ್ರಶ್ನೆ?" ಎಂದರು ಮೇಡಂ.

"ಪ್ರಶ್ನಿ ಆಮ್ಯಾಲ್ರಿ ಮೇಡಂ. ಮೊದಲ ಒಂದು ರಿಪೋರ್ಟ್ ಅದ." ಅವರ ಧ್ವನಿ ಕೋಣೆಯಲ್ಲೊಮ್ಮೆ, ಕ್ಷಣ ಬಿಟ್ಟು ಟೀವಿಯಲ್ಲೊಮ್ಮೆ ಕೇಳುತ್ತಿತ್ತು. "ಮೊನ್ನಿ ಗಾಡಿ ಅನೌನ್ಸ್ ಮಾಡಿದವ್ರು ಚಿಂಚೋಳಿಯವ್ರಲ್ರಿ. ನಮ್ಮವ್ರು. ಹೆಸರು ಕೇಳಬ್ಯಾಡ್ರಿ. ಆ ಅನೌನ್ಸಮೆಂಟ್ ಕಲಿಸಿದಾಂವ ನಾನು. ಡ್ಯೂಟಿ ಮ್ಯಾಲ ಇದ್ದಾಂವನೂ ನಾನು. ಚಿಂಚೋಳಿ ಲೈನ್ ಬಿಟ್ಟು ಕೊಡ್ರಿ. ಕಟ್ ಮಾಡೂದಿದ್ರ ನಮ್ದು ಮಾಡ್ರಿ."

ಚೀಟಿಯ ಮಾತನ್ನು ಅವರು ಎತ್ತಲಿಲ್ಲ. ನಾನು ಎತ್ತಬಹುದಾಗಿತ್ತು. ಫೋನು ನನ್ನ ಕೈಯಳತೆಯಲ್ಲೇ ಇತ್ತು.

ಟೀವಿಯಲ್ಲಿ ಮೇಡಂ ಕನ್ನಡಕ ತೆಗೆದರು. ಆಮೇಲೆ ಕೇಳಿದರು: "ನೀವು ಯಾರು? ಉಪನ್ಯಾಸಕರಾ?"

"ಅಲ್ರಿ. ಬಾಗ್ಲಾಗ ನಿಂದ್ರಾಂವ."

"ಪ್ರಶ್ನೆ ಆಮೇಲೆ ಅಂದಿರಲ್ಲ. ಯಾರದು ಪ್ರಶ್ನೆ?"

ಕಾಕಾ ಫೋನನ್ನು ಹದಿನೇಳನೇ ಸೀಟಿನ ಕಡೆ ಚಾಚಿದರು. ಹುಡುಗ ಈ ಸಲ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಗಡಬಡ ಮಾಡದೆ ಓದಿದ. ಯಾವುದೋ ವಕ್ರರೇಖೆಯ ಕೆಳಗಿನ ವಿಸ್ತೀರ್ಣ. ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಮೇಡಂ ಕನ್ನಡಕ ಹಾಕಿಕೊಂಡು ಹಲಗೆಯ ಕಡೆ ತಿರುಗಿದರು. ಬಿಡಿಸಿ ಮುಗಿಸಿ, "ಗಾಡಿ ಈಗ ಬಂತೇನಪ್ಪ?" ಎಂದರು. ಹುಡುಗ ಮೂಗು ಹಿಡಿಯದೆ, ತನ್ನ ಸ್ವಂತ ಧ್ವನಿಯಲ್ಲಿ, "ಬಂತ್ರಿ ಮೇಡಂ" ಎಂದ.

ಸೋಮವಾರ ಚಿಂಚೋಳಿಯ ಲೈನು ಮರಳಿತು. ನಮ್ಮದನ್ನೂ ಕತ್ತರಿಸಲಿಲ್ಲ. ಬದಲಿಗೆ ಎಲ್ಲ ಕೇಂದ್ರಗಳಿಗೂ ಭದ್ರತಾ ಸುತ್ತೋಲೆ ಬಂತು. ಅದರ ಒಂದನೆಯ ಅಂಶ: ಗುಪ್ತಪದಗಳನ್ನು ಸಂಯೋಜಕರು ಎಲ್ಲಿಯೂ ಬರೆದು ಅಂಟಿಸತಕ್ಕದ್ದಲ್ಲ. ಯಾರು ಹೇಳಿದರೋ ತಿಳಿಯದು. ನಮ್ಮಂಥ ಸಂಯೋಜಕರು ಬಹಳ ಮಂದಿ ಇದ್ದಿರಬೇಕು. ಎರಡನೆಯ ಅಂಶ: ನೋಂದಾಯಿತ ವಿದ್ಯಾರ್ಥಿಗಳು ಹಾಗೂ ಆದೇಶ ಪಡೆದ ಸಿಬ್ಬಂದಿಯ ಹೊರತು ಬೇರೆ ಯಾವ ವ್ಯಕ್ತಿಯೂ ಪ್ರಸಾರದ ಕೋಣೆಯಲ್ಲಿ ಇರತಕ್ಕದ್ದಲ್ಲ.

ಎರಡನೆಯದನ್ನು ನಾನು ಓದಿಯೂ ಓದದವನಂತೆ ಬೋರ್ಡಿಗೆ ಹಚ್ಚಿದೆ. ಅವರು ಬೋರ್ಡಿನ ಮುಂದೆ ನಿಂತು ತುಟಿಯಾಡಿಸುತ್ತ ಓದಿದರು. ಅವರು ಯಾವ ಸೂಚನೆಯನ್ನೂ ಓದದೆ ಬಿಡುವವರಲ್ಲ.

"ಸರ್, ನನ್ನ ಆರ್ಡರ್ ಬಂದಿಲ್ಲಲ್ರಿ."

"ಅದು… ಸಾಹೇಬ್ರ, ಇದು ನಿಮಗ ಅನ್ವಯಿಸಂಗಿಲ್ಲ" ಎಂದೆ.

"ನಾ ಅಲ್ಲೇನ್ರಿ ಅಂತ ನೀವು ಅವತ್ತ ಗಾಡ್ಯಾಗ ಕೇಳಿದ್ರಿ. ನೆನಪದ ಏನು?" ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಮೂರು ವರ್ಷ ಟಿಕೇಟ ಇಲ್ಲದ ನಿಂತೀನಿ ನೋಡ್ರಿ. ಮಂದಿ ಕಾರ್ಡ್ ತಪಾಸಣಿ ಮಾಡ್ಕೋತ." ಇಕ್ಕಳವನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು. ಚಾರ್ಟು ಕೊಟ್ಟರು. ಯಾರು ಯಾವಾಗ ಮಲಗುತ್ತಾರೆಂದು ಹೇಳಿದರು. ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆ ನಡೆದರು.

ಆ ವಾರ ನಾನು ಬಾಗಿಲಲ್ಲಿ ನಿಂತೆ. ಹುಡುಗರು ಕಾರ್ಡು ತೋರಿಸಿದರು, ನಾನು ತೂತು ಹಾಕಿದೆ. ಯಾರೂ ಘೋಷಣೆ ಮಾಡಲಿಲ್ಲ. ಮೂರನೇ ದಿನ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಸರ್ಕಾರಿ ಸೇವೆಯಲ್ಲಿ ನಾನು ಮಾಡಿದ ಏಕೈಕ ಧೈರ್ಯದ ಕೆಲಸ ಮಾಡಿದೆ. ಮೊದಲು ಚೀಟಿ ಹಚ್ಚಿದವನು ನಾನು ಎಂದು ಹೇಳಿದೆ. ಅವರು ತಲೆಯೆತ್ತಿ ನೋಡುವುದರೊಳಗೆ ಒಂದು ರಟ್ಟಿನ ಕಾರ್ಡನ್ನು ಮುಂದಿಟ್ಟೆ. ಸೀಟು: ನಲವತ್ಮೂರು. ವಯಸ್ಸು: ಅರವತ್ನಾಲ್ಕು. ವರ್ಗ: ವಿದ್ಯಾರ್ಥಿ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ನಾನೂ ಅವರ ಮುಖವನ್ನೇ ನೋಡಿದೆ. ಸಹಿ ಹಾಕಿ, ಮುದ್ರೆ ಒತ್ತಿ, "ಫೀಸು ನೀವೇ ತುಂಬ್ರಿ" ಎಂದರು.

ಕಾರ್ಡನ್ನು ಹದಿನೇಳನೇ ಸೀಟಿನವನ ಕೈಯಲ್ಲಿ ಕಳಿಸಿದೆ. ಕಾಕಾ ಅದರ ಮುದ್ರೆಯನ್ನು ಬಿಸಿಲಿಗೆ ಹಿಡಿದು, ನಕಲಿಯೋ ಅಸಲಿಯೋ ಎಂದು ಎರಡೂ ಕಡೆ ಪರೀಕ್ಷಿಸಿದರಂತೆ.

ಮರುದಿನ ಕರಿಕೋಟು ಸಾಲಿನ ಕೊನೆಯಲ್ಲಿ ನಿಂತಿತ್ತು. ಕೈಯಲ್ಲೊಂದು ಎರಡು ನೂರು ಪುಟದ ನೋಟ್‌ಬುಕ್ಕು. ನಾನು "ಬರ್ರಿ, ಬರ್ರಿ ಸಾಹೇಬ್ರ" ಎಂದು ದಾರಿ ಬಿಟ್ಟೆ. ಅವರು ಅಲ್ಲಾಡಲಿಲ್ಲ. ಕಾರ್ಡು ಚಾಚಿದರು.

"ತೂತು ಹಾಕ್ರಿ ಸರ್."

ಹಾಕಿದೆ. ಒಳಗೆ ಹೋಗಿ ಕಿಟಕಿಯ ಪಕ್ಕದ ನಲವತ್ಮೂರನೇ ಕುರ್ಚಿಯಲ್ಲಿ ಕುಳಿತರು. ನಾನು ಟೀವಿಯ ಬಳಿ, ಅವರ ಜಾಗದಲ್ಲಿ, ಟೀವಿಗೆ ಬೆನ್ನು ಮಾಡಿ ನಿಂತೆ. ಬೆನ್ನ ಹಿಂದಿನಿಂದ ಮೇಡಂ "ನಮಸ್ಕಾರ" ಎಂದರು. ನಲವತ್ತೆರಡು ಜನ ಎದ್ದರು. ಅವರೂ ಎದ್ದು, ಕೋಟಿನ ಗುಂಡಿ ಸರಿಮಾಡಿಕೊಂಡು, ಮೂರು ವರ್ಷ ಬರೀ ಧ್ವನಿಯಾಗಿದ್ದ ಮೇಡಂ ಅವರನ್ನು ನೋಡಿದರು.

ಹನ್ನೊಂದು ಇಪ್ಪತ್ತಕ್ಕೆ ಹೊರಗೆ ಗಾಡಿ ಕೂಗಿತು. ಕಿಟಕಿ ಅವರ ಮೊಳಕೈಗೆ ತಾಗುವಷ್ಟು ಹತ್ತಿರವಿತ್ತು. ಅವರು ಆ ಕಡೆ ನೋಡಲಿಲ್ಲ.